ಸರ್ಟಿಫಿಕೇಟ್ ಬಂತು, ಬಿಜಿಪಿ ಬಂತಾ?

ನೆಟ್‌ವರ್ಕಿಂಗ್ ಪರೀಕ್ಷೆ ಪಾಸಾಗಿದೆ. ಸರ್ಟಿಫಿಕೇಟಿನ ಫೋಟೋ ಲಿಂಕ್ಡ್‌ಇನ್‌ಗೆ ಹಾಕಿದ್ದೂ ಆಯ್ತು. ಒಂದು ನೆಟ್‌ವರ್ಕಿನ ಒಳಗೆ ದಾರಿ ಹುಡುಕುವ ಓಎಸ್‌ಪಿಎಫ್‌ನ ಏರಿಯಾ ಗೊತ್ತು, ನೆಟ್‌ವರ್ಕ್‌ಗಳು ಒಂದಕ್ಕೊಂದು ದಾರಿ ಹೇಳಿಕೊಳ್ಳುವ ಬಿಜಿಪಿಯ ಸೆಷನ್ ಎಬ್ಬಿಸೋದು ಗೊತ್ತು, ದಾರಿ ಆರಿಸುವ ನಿಯಮಗಳ ಪಟ್ಟಿ ಬಾಯಿಪಾಠ. ಆಮೇಲೊಂದು ರಾತ್ರಿ ಪಾಳಿಯಲ್ಲಿ ಟಿಕೆಟ್ ಬರುತ್ತದೆ: "ಸಿಂಗಾಪುರದಿಂದ ನಮ್ಮ ಸೈಟ್ ತೆರೆಯುತ್ತಿಲ್ಲ, ಉಳಿದ ಕಡೆ ಸರಿ ಇದೆ." ನಿಮ್ಮ ರೂಟರ್‌ಗಳಲ್ಲಿ ಎಲ್ಲಾ ಹಸಿರು. ತೊಂದರೆ ಇರುವುದು ನಿಮ್ಮದಲ್ಲದ ರೂಟರ್‌ಗಳಲ್ಲಿ. ಬಾಯಿಪಾಠ ಅಲ್ಲಿಗೆ ಮುಗಿಯಿತು.

ಅಲ್ಲಿಂದ ಮುಂದೆ ಏನು ಓದಬೇಕು, ಯಾವ ಕ್ರಮದಲ್ಲಿ ಅಂತ ಕೇಳುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಇಲ್ಲಿ ಹೇಳುವುದರಲ್ಲಿ ಹೆಚ್ಚುಕಮ್ಮಿ ಎಲ್ಲವೂ ಪುಕ್ಕಟೆ ಸಿಗುತ್ತದೆ. ಸಾಮಗ್ರಿಗೆ ಬರ ಇಲ್ಲ. ನಲವತ್ತು ಟ್ಯಾಬ್ ತೆರೆದಿಟ್ಟು, ಮೂರು ಕೋರ್ಸಿಗೆ ಸೇರಿ, ಒಂದನ್ನೂ ಮುಗಿಸದವರೇ ಜಾಸ್ತಿ. ನಾನೂ ಹಾಗೇ ಇದ್ದೆ. ನನಗೆ ವಿಷಯ ತಲೆಗೆ ಹತ್ತಿದ್ದು ಒಂದೇ ಒಂದು ಹಳೇ ಅವಘಡವನ್ನು ಹಿಡಿದು ತಳ ಕಾಣುವವರೆಗೆ ಕೆದಕಿದಾಗ. ಆ ಅವಘಡ ನಾಲ್ಕನೇ ಹೆಜ್ಜೆಯಲ್ಲಿದೆ. ಮೊದಲ ಮೂರು ಅದಕ್ಕೆ ತಯಾರಿ.

1. ಮೊದಲು ಲ್ಯಾಬ್

ಎಸ್.ಪಿ. ರೋಡಿನಿಂದ ಹಳೇ ರೂಟರ್ ತಂದು ಮನೆಯಲ್ಲಿ ಗುಡ್ಡೆ ಹಾಕುವ ಕಾಲ ಹೋಯಿತು. ಕರೆಂಟ್ ಬಿಲ್ ಏರುತ್ತದೆ, ಫ್ಯಾನ್ ಸದ್ದಿಗೆ ಮನೆಯವರು ಬೈಯುತ್ತಾರೆ. ಎಂಟು ಜಿಬಿ ರ‍್ಯಾಮ್ ಇರುವ ಒಂದು ಲ್ಯಾಪ್‌ಟಾಪ್ ಸಾಕು. ಲಿನಕ್ಸ್ ಇದ್ದರೆ ಒಳ್ಳೆಯದು. ವಿಂಡೋಸ್ ಆದರೆ ಅದರೊಳಗೇ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್ ಹಾಕಿಕೊಳ್ಳಿ. ಅದರ ಮೇಲೆ ಕಂಟೈನರ್ ಓಡಿಸುವ ಡಾಕರ್, ಲ್ಯಾಬ್ ಜೋಡಿಸುವ ಕಂಟೈನರ್‌ಲ್ಯಾಬ್, ರೂಟರ್ ಕೆಲಸ ಮಾಡುವ ಸಾಫ್ಟ್‌ವೇರ್ ಎಫ್‌ಆರ್‌ಆರ್ ಈ ಮೂರು. ಯಾವ ರೂಟರಿಗೆ ಯಾವುದರ ಜೊತೆ ತಂತಿ ಅಂತ ಒಂದು ಯಾಮಲ್ ಫೈಲಿನಲ್ಲಿ ಬರೆದರೆ ಕಂಟೈನರ್‌ಲ್ಯಾಬ್ ಎಲ್ಲವನ್ನೂ ಎಬ್ಬಿಸಿ ನಿಲ್ಲಿಸುತ್ತದೆ. ಎಫ್‌ಆರ್‌ಆರ್ ಕಂಟೈನರ್ ತುಂಬಾ ಹಗುರ, ಹತ್ತಾರು ರೂಟರ್ ಆರಾಮಾಗಿ ಓಡುತ್ತವೆ. ಕಮಾಂಡ್‌ಗಳೂ ಸಿಸ್ಕೋದವುಗಳ ಹಾಗೇ ಇವೆ, ಕೈ ಹೊಸದಾಗಿ ಪಳಗಬೇಕಿಲ್ಲ.

ಮೊದಲ ದಿನ ಎರಡೇ ರೂಟರ್, ಎರಡು ಎಎಸ್. ಎಎಸ್ ಅಂದರೆ ಒಬ್ಬರ ಕೈಯಲ್ಲಿರುವ ಒಂದು ಇಡೀ ನೆಟ್‌ವರ್ಕ್, ಅದಕ್ಕೊಂದು ನಂಬರ್. ಎಎಸ್ ನಂಬರಿಗೆ 64512ರಿಂದ 65534ರವರೆಗಿನ ಖಾಸಗಿ ಸಾಲನ್ನು ಬಳಸಿ.

ನಾನು ಇದನ್ನು ಮೊದಲ ಸಲ ಮಾಡಿದಾಗ ಒಂದು ಸಂಜೆ ಪೂರ್ತಿ ಹಾಳಾಯಿತು. ಸೆಷನ್ ಎದ್ದಿದೆ, ರೂಟ್ ಒಂದೂ ಬರುತ್ತಿಲ್ಲ. ಸಮ್ಮರಿ ನೋಡಿದರೆ ಪ್ರಿಫಿಕ್ಸ್ (ಐಪಿ ವಿಳಾಸಗಳ ಗುಂಪು) ಎಣಿಕೆ ಇರಬೇಕಾದ ಜಾಗದಲ್ಲಿ, ಕಂಸದೊಳಗೆ 'ಪಾಲಿಸಿ' ಅಂತ ಒಂದೇ ಪದ. ಕೇಬಲ್ ತಪ್ಪೇನೋ, ನೆಕ್ಸ್ಟ್ ಹಾಪ್ ತಪ್ಪೇನೋ ಅಂತ ಎಲ್ಲಾ ಬಿಚ್ಚಿ ಕಟ್ಟಿದೆ. ಅಸಲು ಕಾರಣ 2017ರ ಆರ್‌ಎಫ್‌ಸಿ 8212 (ಆರ್‌ಎಫ್‌ಸಿ ಅಂದರೆ ಇಂಟರ್ನೆಟ್ಟಿನ ನಿಯಮಗಳನ್ನು ಬರೆದಿಟ್ಟ ದಾಖಲೆ). ಬೇರೆ ಎಎಸ್‌ನ ಪೀರ್‌ಗೆ, ಅಂದರೆ ಸೆಷನ್ನಿನ ಆಚೆ ಬದಿಯ ರೂಟರಿಗೆ, ಯಾವ ರೂಟ್ ಬರಬಹುದು, ಯಾವುದು ಹೋಗಬಹುದು ಅನ್ನುವ ಪಾಲಿಸಿ ನೀವು ಬರೆಯದಿದ್ದರೆ ಅದರಿಂದ ಏನೂ ತೆಗೆದುಕೊಳ್ಳಬಾರದು, ಅದಕ್ಕೆ ಏನೂ ಕೊಡಬಾರದು ಅನ್ನುತ್ತದೆ ಅದು. ಎಫ್‌ಆರ್‌ಆರ್ ಅದನ್ನು ಪಾಲಿಸುತ್ತಿತ್ತು, ಅಷ್ಟೇ. ನೆಟ್‌ನಲ್ಲಿ ಹುಡುಕಿದರೆ ಈ ನಿಯಮವನ್ನು ಆಫ್ ಮಾಡುವ ಒಂದು ಸಾಲಿನ ಕಮಾಂಡ್ ಸಿಗುತ್ತದೆ. ದಯವಿಟ್ಟು ಹಾಕಬೇಡಿ. ಒಳಬರುವುದಕ್ಕೊಂದು, ಹೊರಹೋಗುವುದಕ್ಕೊಂದು ರೂಟ್ ಮ್ಯಾಪ್ (ಆ ಪಾಲಿಸಿಯ ಪಟ್ಟಿ) ಬರೆಯಿರಿ. ಮೊದಲ ದಿನದ ಈ ಅಭ್ಯಾಸ ಮುಂದೆ ಎಲ್ಲಾ ಕಡೆ ಕೆಲಸಕ್ಕೆ ಬರುತ್ತದೆ.

2. ಒಂದು ಆರ್‌ಎಫ್‌ಸಿಯನ್ನು ನಿಜವಾಗಿ ಓದಿ

1989ರಲ್ಲಿ ಯಾಕೋವ್ ರೆಕ್ಟರ್ ಮತ್ತು ಕರ್ಕ್ ಲಾಹೀಡ್ ಊಟದ ಮೇಜಿನಲ್ಲಿ, ಕೈ ಒರೆಸುವ ನ್ಯಾಪ್ಕಿನ್ ಮೇಲೆ ಬಿಜಿಪಿಯ ಮೊದಲ ಚಿತ್ರ ಗೀಚಿದರು. ಈಗ ನಾವು ಬಳಸುವ ನಾಲ್ಕನೇ ಆವೃತ್ತಿಯ ದಾಖಲೆ 2006ರ ಆರ್‌ಎಫ್‌ಸಿ 4271. ನೂರಕ್ಕೂ ಹೆಚ್ಚು ಪುಟ ಇದೆ. ಮೊದಲಿಂದ ಕೊನೆವರೆಗೆ ಓದಲು ಹೊರಟರೆ ಇಪ್ಪತ್ತನೇ ಪುಟಕ್ಕೆ ನಿದ್ದೆ ಗ್ಯಾರಂಟಿ.

ಹೀಗೆ ಓದಿ. ಮೊದಲು ನಾಲ್ಕನೇ ಅಧ್ಯಾಯ, ಅಂದರೆ ಮೆಸೇಜುಗಳ ರೂಪ. ಪಕ್ಕದಲ್ಲಿ ಪ್ಯಾಕೆಟ್ ಬಿಚ್ಚಿ ತೋರಿಸುವ ವೈರ್‌ಶಾರ್ಕ್ ತೆರೆದಿಟ್ಟು ನಿಮ್ಮದೇ ಲ್ಯಾಬಿನ ಟ್ರಾಫಿಕ್ ಹಿಡಿಯಿರಿ, ಟಿಸಿಪಿ ಪೋರ್ಟ್ 179. ಪ್ರತಿ ಮೆಸೇಜಿನ ತಲೆಯಲ್ಲೂ ಹದಿನಾರು ಬೈಟ್ ಬರೀ ಎಫ್ಎಫ್ ಕಾಣುತ್ತದೆ. ಆಮೇಲೆ ಎರಡು ಬೈಟ್ ಉದ್ದ, ಒಂದು ಬೈಟ್ ಬಗೆ. ಒಟ್ಟು ಹತ್ತೊಂಬತ್ತು ಬೈಟ್. ಕೀಪ್ಅಲೈವ್ ಅಂದರೆ ಅಷ್ಟೇ, ಹತ್ತೊಂಬತ್ತು ಬೈಟಿನ "ಇದ್ದೀನಿ ಕಣಯ್ಯಾ". ಇದನ್ನು ಒಮ್ಮೆ ಕಣ್ಣಾರೆ ನೋಡಿದ ಮೇಲೆ ಆರ್‌ಎಫ್‌ಸಿ ಭಯ ಹೋಗುತ್ತದೆ.

ಆಮೇಲೆ ಐದನೇ ಅಧ್ಯಾಯ, ಒಂಬತ್ತನೇ ಅಧ್ಯಾಯ. ಒಂಬತ್ತನೆಯದರಲ್ಲೇ ದಾರಿ ಆರಿಸುವ ನಿಯಮಗಳಿವೆ. ನೀವು ಬಾಯಿಪಾಠ ಮಾಡಿದ ಪಟ್ಟಿಗೂ ಇದಕ್ಕೂ ತಾಳೆ ಹಾಕಿ. 'ವೆಯ್ಟ್' ಅನ್ನುವುದು ಇಲ್ಲಿ ಎಲ್ಲೂ ಇಲ್ಲ, ಅದು ಕಂಪನಿಯವರು ಸೇರಿಸಿಕೊಂಡದ್ದು ಅಂತ ಗೊತ್ತಾಗುವುದು ಆಗಲೇ. ಎಂಟನೇ ಅಧ್ಯಾಯದ ಸ್ಟೇಟ್ ಮೆಷಿನ್ ಸದ್ಯಕ್ಕೆ ಬಿಡಿ, ಸೆಷನ್ 'ಆ್ಯಕ್ಟಿವ್'ನಲ್ಲೇ ಕೂತು ಸತಾಯಿಸಿದ ದಿನ ನೀವೇ ಹುಡುಕಿಕೊಂಡು ಹೋಗುತ್ತೀರಿ. ಆರನೆಯದನ್ನು ಓದುವಾಗ ಮಾತ್ರ 2015ರ ಆರ್‌ಎಫ್‌ಸಿ 7606 ಜೊತೆಗಿರಲಿ. ಒಂದು ಹಾಳು ಅಪ್‌ಡೇಟ್ ಬಂದರೆ ಸೆಷನ್ನನ್ನೇ ಕೆಡವುತ್ತಿದ್ದ ಹಳೇ ಪದ್ಧತಿಯನ್ನು ಅದು ಬದಲಿಸಿದೆ.

ಪುಸ್ತಕ ಬೇಕೇ ಬೇಕು ಅನ್ನುವವರಿಗೆ ಸ್ಯಾಮ್ ಹಲಾಬಿ ಅವರ 'ಇಂಟರ್ನೆಟ್ ರೂಟಿಂಗ್ ಆರ್ಕಿಟೆಕ್ಚರ್ಸ್' ಇದೆ. ಎರಡನೇ ಆವೃತ್ತಿ 2000ದ್ದು, ಕಮಾಂಡ್‌ಗಳು ಹಳಸಿವೆ. ಪಾಲಿಸಿ ಬಗ್ಗೆ ಬರೆದದ್ದು ಹಳಸಿಲ್ಲ.

3. ನಿಜವಾದ ಟೇಬಲ್ ಮುಂದೆ ಕೂತುಕೊಳ್ಳಿ

ಲ್ಯಾಬಿನಲ್ಲಿ ನಾಲ್ಕು ರೂಟ್. ಹೊರಗಿನ ಇಂಟರ್ನೆಟ್ಟಿನಲ್ಲಿ ಐಪಿವಿ4 ರೂಟ್‌ಗಳೇ ಹತ್ತು ಲಕ್ಷದ ಆಸುಪಾಸು. ಅದನ್ನು ನೋಡಲು ಯಾರ ಅಪ್ಪಣೆಯೂ ಬೇಡ. ಒರೆಗಾನ್ ವಿಶ್ವವಿದ್ಯಾಲಯದ ರೂಟ್ ವ್ಯೂಸ್ ಯೋಜನೆಯ ರೂಟರಿಗೆ ಟೆಲ್ನೆಟ್ ಮಾಡಿ, ಬೇರೆ ಬೇರೆ ನೆಟ್‌ವರ್ಕ್‌ಗಳು ಒಂದೇ ಪ್ರಿಫಿಕ್ಸನ್ನು ಹೇಗೆ ಕಾಣುತ್ತವೆ ಅಂತ ನೋಡಬಹುದು. ಯುರೋಪಿನ ರೈಪ್ ಸಂಸ್ಥೆಯ ರೈಪ್‌ಸ್ಟ್ಯಾಟ್ ಬ್ರೌಸರಿನಲ್ಲೇ ತೆರೆಯುತ್ತದೆ. ಯಾವ ಎಎಸ್ ಯಾವ ಎಕ್ಸ್‌ಚೇಂಜಿನಲ್ಲಿದೆ (ನೆಟ್‌ವರ್ಕ್‌ಗಳು ನೇರವಾಗಿ ಕೂಡುವ ಜಾಗ) ಅಂತ ತಿಳಿಯಲು ಪೀರಿಂಗ್‌ಡಿಬಿ.

ಒಂದು ವಾರದ ಕೆಲಸ ಹೇಳುತ್ತೇನೆ. ನಿಮ್ಮ ಮನೆಯ ಬ್ರಾಡ್‌ಬ್ಯಾಂಡ್ ಐಪಿ ಯಾವ ಪ್ರಿಫಿಕ್ಸಿನಲ್ಲಿದೆ, ಅದನ್ನು ಯಾವ ಎಎಸ್ ಅನೌನ್ಸ್ ಮಾಡುತ್ತಿದೆ, ಅದರ ಮೇಲಿನವರು ಯಾರು ಅಂತ ಪತ್ತೆ ಮಾಡಿ. ಆಫೀಸಿನದ್ದೂ ಮಾಡಿ. ಎರಡರ ನಡುವೆ ಟ್ರೇಸ್‌ರೂಟ್ ಓಡಿಸಿ. ಒಂದೇ ಊರಿನ ಎರಡು ತುದಿ. ಪ್ಯಾಕೆಟ್ ಊರೊಳಗೇ ತಿರುಗಿತಾ, ಮುಂಬೈಗೋ ಚೆನ್ನೈಗೋ ಹೋಗಿ ಬಂತಾ ನೋಡಿ. ಹೋಗಿ ಬಂದಿದ್ದರೆ ಯಾಕೆ ಅನ್ನುವ ಪ್ರಶ್ನೆಗೆ ಉತ್ತರ ಐದನೇ ಹೆಜ್ಜೆಯಲ್ಲಿ ಸಿಗುತ್ತದೆ. ನಿಕ್ಸಿ ಅನ್ನುವ ಸಂಸ್ಥೆ 2003ರಲ್ಲಿ ಹುಟ್ಟಿದ್ದು ಇಂಥ ಸುತ್ತಾಟ ತಪ್ಪಿಸಲಿಕ್ಕೇ. ಬೆಂಗಳೂರಿನಲ್ಲೂ ಅದರ ಎಕ್ಸ್‌ಚೇಂಜ್ ಇದೆ.

4. ಒಂದು ರಾತ್ರಿ, ಎರಡೂಕಾಲು ಗಂಟೆ

ದಿನ 2008ರ ಫೆಬ್ರವರಿ 24. ಪಾಕಿಸ್ತಾನ ಸರ್ಕಾರ ಯೂಟ್ಯೂಬ್ ತಡೆಯಲು ಹೇಳಿತ್ತು. ಪಾಕಿಸ್ತಾನ್ ಟೆಲಿಕಾಂ, ಎಎಸ್ 17557, ತನ್ನೊಳಗೆ ತಡೆಯಲು ಹಾಕಿದ ರೂಟು ಹೊರಗೆ ಸೋರಿತು. ಅದರ ಮೇಲಿದ್ದ ಪಿಸಿಸಿಡಬ್ಲ್ಯು, ಎಎಸ್ 3491, ಅದನ್ನು ಫಿಲ್ಟರ್ ಮಾಡದೆ ಜಗತ್ತಿಗೆ ಹಂಚಿತು.

ಯೂಟ್ಯೂಬ್ ಅನೌನ್ಸ್ ಮಾಡುತ್ತಿದ್ದದ್ದು 208.65.152.0/22. ಸೋರಿದ್ದು 208.65.153.0/24. ಗೆರೆಯ ಮುಂದಿನ ಅಂಕಿ ದೊಡ್ಡದಾದಷ್ಟೂ ಪ್ರಿಫಿಕ್ಸ್ ಚಿಕ್ಕದು. ಚಿಕ್ಕ ಪ್ರಿಫಿಕ್ಸ್ ಇದ್ದರೆ ರೂಟರ್ ದೊಡ್ಡದರ ಕಡೆ ತಿರುಗಿಯೂ ನೋಡುವುದಿಲ್ಲ. ಬಸ್ ನಿಲ್ದಾಣದಲ್ಲಿ 'ಬಸವನಗುಡಿ' ಅಂತ ಒಂದು ಬೋರ್ಡು, 'ಗಾಂಧಿ ಬಜಾರ್' ಅಂತ ಇನ್ನೊಂದು ಬೋರ್ಡು ನಿಂತಿದ್ದರೆ ಗಾಂಧಿ ಬಜಾರಿಗೆ ಹೋಗುವವರು ಯಾವುದು ಹತ್ತುತ್ತೀರಿ? ಹಾಗೆ. ಬಸ್ಸು ಸುಳ್ಳು ಬೋರ್ಡು ಹಾಕಿಕೊಂಡಿದ್ದರೂ ಹತ್ತಿಬಿಡುತ್ತೀರಿ.

ಸೋರಿಕೆ ಶುರುವಾದದ್ದು ಯುಟಿಸಿ 18:47ಕ್ಕೆ. ನಮ್ಮ ಲೆಕ್ಕದಲ್ಲಿ ನಡುರಾತ್ರಿ ಹನ್ನೆರಡು ದಾಟಿ ಹದಿನೇಳು ನಿಮಿಷ. 20:07ಕ್ಕೆ ಯೂಟ್ಯೂಬ್, ಎಎಸ್ 36561, ತಾನೂ ಅದೇ /24 ಅನೌನ್ಸ್ ಮಾಡಿತು. ಈಗ ಎರಡೂ ಒಂದೇ ಅಳತೆ. ಹಾಗಾಗಿ ಮಾಮೂಲಿ ಬಿಜಿಪಿ ಆಯ್ಕೆ ನಡೆದು, ಯಾರಿಗೆ ಯಾವ ದಾರಿ ಹತ್ತಿರವೋ ಆ ಕಡೆ ವಾಲಿದರು. 20:18ಕ್ಕೆ ಯೂಟ್ಯೂಬ್ ಎರಡು /25 ಬಿಟ್ಟಿತು. 21:01ಕ್ಕೆ ಪಿಸಿಸಿಡಬ್ಲ್ಯು ಎಎಸ್ 17557ರ ರೂಟ್‌ಗಳನ್ನೆಲ್ಲ ವಾಪಸ್ ತೆಗೆಯಿತು. ಅಲ್ಲಿಗೆ ಮುಗಿಯಿತು.

ಈ ಕತೆ ಸುಮಾರು ಜನರಿಗೆ ಗೊತ್ತು. ನೀವು ಮಾಡಬೇಕಾದದ್ದು ಅದರ ಮೂಲ ದಾಖಲೆ ತೆರೆಯುವುದು. ರೈಪ್‌ನ ಆರ್‌ಐಎಸ್ ಸಂಗ್ರಹದಲ್ಲಿ ಆ ದಿನದ ಅಪ್‌ಡೇಟ್ ಫೈಲುಗಳು ಈಗಲೂ ಇವೆ, ಐದೈದು ನಿಮಿಷಕ್ಕೆ ಒಂದರಂತೆ. 18:45ರ ಫೈಲ್ ಇಳಿಸಿಕೊಳ್ಳಿ. ಅದು ಎಂಆರ್‌ಟಿ ರೂಪದಲ್ಲಿರುತ್ತದೆ, ಬಿಜಿಪಿಡಂಪ್ ಅನ್ನುವ ಸಣ್ಣ ಟೂಲ್ ಒಂದೊಂದು ಅಪ್‌ಡೇಟನ್ನು ಒಂದೊಂದು ಸಾಲು ಮಾಡಿ ಕೊಡುತ್ತದೆ. ಗ್ರೆಪ್ ಹಾಕಿ 208.65.153 ಹುಡುಕಿ. ಅನೌನ್ಸ್ ಅಂದರೆ 'ಎ', ವಿತ್‌ಡ್ರಾ ಅಂದರೆ 'ಡಬ್ಲ್ಯು'. ಎಎಸ್ ಪಾತ್ ಅನ್ನು ಬಲದಿಂದ ಎಡಕ್ಕೆ ಓದಿ. ಕೊನೆಯಲ್ಲಿ 17557, ಅದರ ಪಕ್ಕದಲ್ಲಿ 3491. ಅದೇ ಸಾಲು ಬೇರೆ ಬೇರೆ ಪೀರ್‌ಗಳಿಂದ ಮತ್ತೆ ಮತ್ತೆ ಬರುತ್ತದೆ. ನಾನು ಮೊದಲ ಸಲ ನೋಡಿದಾಗ ಸುದ್ದಿ ಓದಿದ ಹಾಗಿರಲಿಲ್ಲ, ಸಿಸಿಟಿವಿ ನೋಡಿದ ಹಾಗಿತ್ತು.

ಈಗ ಇದನ್ನೇ ಲ್ಯಾಬಿನಲ್ಲಿ ಕಟ್ಟಿ. ಐದು ರೂಟರ್, ಐದು ಎಎಸ್. ಒಂದು ವಿಡಿಯೋ ಕಂಪನಿ, ಒಂದು ಸೋರಿದ ಟೆಲಿಕಾಂ, ಒಬ್ಬೊಬ್ಬರ ಮೇಲೆ ಒಂದೊಂದು ಟ್ರಾನ್ಸಿಟ್ (ಹೊರಜಗತ್ತಿಗೆ ಜೋಡಿಸುವ ನೆಟ್‌ವರ್ಕ್), ಎರಡು ಟ್ರಾನ್ಸಿಟ್‌ಗೂ ಜೋಡಿಸಿದ ಒಬ್ಬ ನೋಡುಗ. ಮೊದಲು /22 ಬಿಡಿ, ಪಿಂಗ್ ಓಡುತ್ತಿರಲಿ. ಟೆಲಿಕಾಂನಿಂದ /24 ಬಿಡಿ, ಪಿಂಗ್ ನಿಂತಿತು. ಕಂಪನಿಯಿಂದಲೂ /24 ಬಿಡಿ. ನೋಡುಗನಿಗೆ ಎರಡೂ ಕಡೆಯಿಂದ ಎಎಸ್ ಪಾತ್ ಸಮ ಉದ್ದ, ಹಾಗಿದ್ದರೆ ಯಾವುದು ಗೆದ್ದಿತು, ಯಾವ ನಿಯಮದಿಂದ? ಎರಡನೇ ಹೆಜ್ಜೆಯ ಒಂಬತ್ತನೇ ಅಧ್ಯಾಯ ತೆರೆದಿಟ್ಟು ಉತ್ತರ ಹುಡುಕಿ. ಆಮೇಲೆ /25 ಎರಡು ಬಿಡಿ. ಜೊತೆಗೆ ಟ್ರಾನ್ಸಿಟ್‌ನಲ್ಲಿ /24ಕ್ಕಿಂತ ಚಿಕ್ಕದನ್ನು ತಡೆಯುವ ಫಿಲ್ಟರ್ ಹಾಕಿ ನೋಡಿ, ಯಾಕೆಂದರೆ ಹೊರಗಿನ ಜಗತ್ತಿನಲ್ಲಿ ಬಹಳ ಜನ ಹಾಕಿರುತ್ತಾರೆ. ಕೊನೆಗೆ ಟೆಲಿಕಾಂ ಕಡೆಯ ಟ್ರಾನ್ಸಿಟ್‌ನಲ್ಲಿ ಒಂದೇ ಒಂದು ಪ್ರಿಫಿಕ್ಸ್ ಲಿಸ್ಟ್ ಬರೆಯಿರಿ: ಈ ಗಿರಾಕಿಯಿಂದ ಅವನದೇ ಪ್ರಿಫಿಕ್ಸ್ ಮಾತ್ರ. ಎರಡೂಕಾಲು ಗಂಟೆಯ ರಾದ್ಧಾಂತ ಆ ಒಂದು ಲಿಸ್ಟಿನಲ್ಲಿ ಮಾಯ.

ಇದಕ್ಕೆ ಎರಡು ವಾರಾಂತ್ಯ ಹಿಡಿಯುತ್ತದೆ. ಅವಸರ ಬೇಡ.

5. ದುಡ್ಡಿನ ಲೆಕ್ಕ ಗೊತ್ತಿಲ್ಲದೆ ರೂಟ್ ಅರ್ಥವಾಗಲ್ಲ

ಮೂರನೇ ಹೆಜ್ಜೆಯ ಪ್ಯಾಕೆಟ್ ಊರು ಬಿಟ್ಟು ಊರಿಗೆ ಯಾಕೆ ಹೋಯಿತು? ಬಿಜಿಪಿ ಹತ್ತಿರದ ದಾರಿ ಹುಡುಕುವುದಿಲ್ಲ, ಲಾಭದ ದಾರಿ ಹುಡುಕುತ್ತದೆ. ಈ ವಿಷಯಕ್ಕೆ ಎರಡು ಪೇಪರ್ ಓದಿ. ಎರಡೂ 2001ರವು. ಒಂದು ಲಿಕ್ಸಿನ್ ಗಾವೋ ಅವರದು, ಎಎಸ್‌ಗಳ ನಡುವಿನ ಸಂಬಂಧ ಪತ್ತೆ ಮಾಡುವ ಬಗ್ಗೆ. ಇನ್ನೊಂದು ಗಾವೋ ಮತ್ತು ಜೆನಿಫರ್ ರೆಕ್ಸ್‌ಫರ್ಡ್ ಸೇರಿ ಬರೆದದ್ದು, ಯಾರೂ ಯಾರನ್ನೂ ಕೇಳದೆ ಇಂಟರ್ನೆಟ್ ಹೇಗೆ ಸ್ಥಿರವಾಗಿರಬಲ್ಲದು ಅನ್ನುವುದರ ಬಗ್ಗೆ. ಸಾಬೀತುಗಳಲ್ಲಿ ಸಿಕ್ಕಿಹಾಕಿಕೊಂಡರೆ ದಾಟಿ ಮುಂದೆ ಹೋಗಿ, ತೊಂದರೆ ಇಲ್ಲ.

ಸಾರಾಂಶ ಇಷ್ಟು. ಗಿರಾಕಿಯಿಂದ ಬಂದ ರೂಟ್ ಅಂದರೆ ಕಾಸು ಬರುತ್ತದೆ. ಪೀರ್‌ನಿಂದ, ಇಲ್ಲಿ ಅಂದರೆ ಕಾಸಿಲ್ಲದೆ ಟ್ರಾಫಿಕ್ ಅದಲುಬದಲು ಮಾಡಿಕೊಳ್ಳುವ ಸರಿಸಮಾನರಿಂದ, ಬಂದದ್ದು ಪುಕ್ಕಟೆ. ಪ್ರೊವೈಡರ್‌ನಿಂದ ಬಂದದ್ದಕ್ಕೆ ನಾವೇ ಕಾಸು ಕೊಡಬೇಕು. ಆದ್ದರಿಂದ ಲೋಕಲ್ ಪ್ರಿಫರೆನ್ಸ್ (ದೊಡ್ಡ ಅಂಕಿಯ ರೂಟ್ ಗೆಲ್ಲುತ್ತದೆ) ಅದೇ ಕ್ರಮದಲ್ಲಿ, 300, 200, 100 ಅಂತ ಇಟ್ಟುಕೊಳ್ಳಿ. ಗಿರಾಕಿಯ ರೂಟನ್ನು ಎಲ್ಲರಿಗೂ ಹೇಳಿ. ಪೀರ್ ಮತ್ತು ಪ್ರೊವೈಡರ್ ರೂಟನ್ನು ಗಿರಾಕಿಗಳಿಗೆ ಮಾತ್ರ ಹೇಳಿ. ಇಲ್ಲದಿದ್ದರೆ ಇಬ್ಬರು ದೊಡ್ಡವರ ಟ್ರಾಫಿಕ್ಕನ್ನು ನಮ್ಮ ಖರ್ಚಿನಲ್ಲಿ ಹೊತ್ತ ಹಾಗಾಗುತ್ತದೆ. ಅದಕ್ಕೇ ರೂಟ್ ಲೀಕ್ ಅಂತ ಹೆಸರು, 2016ರ ಆರ್‌ಎಫ್‌ಸಿ 7908ರಲ್ಲಿ ಅದರ ಬಗೆಗಳಿವೆ.

ಲ್ಯಾಬಿನಲ್ಲಿ ಮಾಡುವಾಗ ರೂಟ್ ಒಳಬರುವಾಗಲೇ ಕಮ್ಯೂನಿಟಿ ಅನ್ನುವ ಗುರುತು ಅಂಟಿಸಿ, ಹೊರಹೋಗುವಾಗ ಆ ಕಮ್ಯೂನಿಟಿ ನೋಡಿ ಬಿಡಿ. ಪ್ರಿಫಿಕ್ಸ್ ಲಿಸ್ಟಿನಲ್ಲೇ ಎಲ್ಲಾ ಮಾಡಲು ಹೋದರೆ ಗಿರಾಕಿ ಇಪ್ಪತ್ತಾಗುವಷ್ಟರಲ್ಲಿ ನಿಮಗೆ ತಲೆ ಕೆಡುತ್ತದೆ. ದೊಡ್ಡ ಮಟ್ಟದಲ್ಲಿ ಅಭ್ಯಾಸ ಬೇಕೆಂದರೆ ಸ್ವಿಟ್ಜರ್ಲೆಂಡಿನ ಇಟಿಎಚ್ ಜ್ಯೂರಿಕ್‌ನವರ 'ಮಿನಿ ಇಂಟರ್ನೆಟ್' ಇದೆ. ಅವರ ವಿದ್ಯಾರ್ಥಿಗಳು ಒಂದೊಂದು ತಂಡಕ್ಕೆ ಒಂದೊಂದು ಎಎಸ್ ಹಿಡಿದು ನಡೆಸುವ ಅಭ್ಯಾಸ ಅದು. ಕೋಡ್ ಎಲ್ಲರಿಗೂ ತೆರೆದಿದೆ. ಗೆಳೆಯರು ನಾಲ್ಕು ಜನ ಇದ್ದರೆ ಇದರಷ್ಟು ಮಜಾ ಬೇರೆ ಇಲ್ಲ.

6. ಆರ್‌ಪಿಕೆಐ, ಅದರಲ್ಲೂ ಆ ಒಂದು ಅಂಕಿ

ನಾಲ್ಕನೇ ಹೆಜ್ಜೆಯ ಲ್ಯಾಬ್ ಅಳಿಸಿಲ್ಲ ತಾನೇ? ಅದಕ್ಕೇ ಆರ್‌ಪಿಕೆಐ (ಯಾವ ಪ್ರಿಫಿಕ್ಸ್ ಯಾರದು ಅಂತ ಸಹಿ ನೋಡಿ ತಾಳೆ ಹಾಕುವ ವ್ಯವಸ್ಥೆ) ಸೇರಿಸಿ. 'ಈ ಪ್ರಿಫಿಕ್ಸನ್ನು ಈ ಎಎಸ್ ಮಾತ್ರ ಹುಟ್ಟುಹಾಕಬಹುದು, ಇಷ್ಟು ಉದ್ದದವರೆಗೆ' ಅಂತ ಸಹಿ ಮಾಡಿದ ಚೀಟಿಗೆ ಆರ್‌ಓಎ ಅನ್ನುತ್ತಾರೆ. ಲ್ಯಾಬಿಗೆ ಸ್ಟೇಆರ್‌ಟಿಆರ್ ಸಾಕು, ನೀವೇ ಬರೆದ ಜೇಸನ್ ಫೈಲನ್ನು ರೂಟರಿಗೆ ಬಡಿಸುತ್ತದೆ. ಎಫ್‌ಆರ್‌ಆರ್‌ನ ಬಿಜಿಪಿ ಶುರುವಾಗುವಾಗ ಆರ್‌ಪಿಕೆಐ ಮಾಡ್ಯೂಲ್ ಸೇರಿಸಲು ಮರೆಯಬೇಡಿ, ಮರೆತರೆ ಕಮಾಂಡೇ ಗೊತ್ತಿಲ್ಲ ಅನ್ನುತ್ತದೆ.

ಈಗ /22ಕ್ಕೆ ಚೀಟಿ ಬರೆಯಿರಿ, ಗರಿಷ್ಠ ಉದ್ದ 22. ಟೆಲಿಕಾಂನ /24 ಇನ್‌ವ್ಯಾಲಿಡ್ ಆಗಿ ಬಿತ್ತು. ಭಲೇ! ಆದರೆ ಕಂಪನಿ ತಾನೇ ಬಿಟ್ಟ ಪಾರುಗಾಣಿಕೆಯ /24 ನೋಡಿ. ಅದೂ ಇನ್‌ವ್ಯಾಲಿಡ್. ಸರಿ, ಗರಿಷ್ಠ ಉದ್ದ 24 ಮಾಡೋಣ ಅಂದರೆ, ಕಳ್ಳನೊಬ್ಬ ಪಾತ್‌ನ ಕೊನೆಗೆ ಕಂಪನಿಯ ಎಎಸ್ ನಂಬರ್ ಅಂಟಿಸಿಕೊಂಡು /24 ಬಿಟ್ಟರೆ ಅದು ವ್ಯಾಲಿಡ್ ಅಂತಲೇ ಬರುತ್ತದೆ. ಆರ್‌ಪಿಕೆಐ ನೋಡುವುದು ಹುಟ್ಟಿದ ಜಾಗ ಮಾತ್ರ, ಬಂದ ದಾರಿಯನ್ನಲ್ಲ. ನನ್ನ ಮಟ್ಟಿಗೆ, ನೀವು ನಿಜವಾಗಿ ಅನೌನ್ಸ್ ಮಾಡುವ ಉದ್ದಕ್ಕಷ್ಟೇ ಚೀಟಿ ಬರೆಯುವುದು ವಾಸಿ. ಭಾರತದಲ್ಲಿ ಐಪಿ ಮತ್ತು ಎಎಸ್ ನಂಬರ್ ಕೊಡುವುದು ಇರಿನ್. ನಿಮ್ಮ ಕಂಪನಿಗೆ ಸ್ವಂತ ಪ್ರಿಫಿಕ್ಸ್ ಇದ್ದರೆ ಅದಕ್ಕೆ ಆರ್‌ಓಎ ಇದೆಯಾ ಅಂತ ನಾಳೆಯೇ ರೈಪ್‌ಸ್ಟ್ಯಾಟ್‌ನಲ್ಲಿ ನೋಡಿ.

7. ದೊಡ್ಡ ನೆಟ್‌ವರ್ಕ್ ಕಟ್ಟುವುದು

ಇಲ್ಲಿ ಎರಡು ಬೇರೆ ಲೋಕ ಇವೆ. ಐಎಸ್‌ಪಿ ಲೋಕದಲ್ಲಿ ಮೊದಲ ಪ್ರಶ್ನೆ ಒಳಗಿನ ಬಿಜಿಪಿ. ನೂರು ರೂಟರ್ ಒಂದಕ್ಕೊಂದು ಮಾತಾಡಬೇಕೆಂದರೆ 4950 ಸೆಷನ್. ಅದಕ್ಕೇ ಒಳಗಿನವರಿಗೆಲ್ಲ ರೂಟ್ ಹಂಚುವ ರೂಟ್ ರಿಫ್ಲೆಕ್ಟರ್, ಆರ್‌ಎಫ್‌ಸಿ 4456. ಓದಿ, ಮೂರು ರೂಟರಿನಲ್ಲಿ ಮಾಡಿ ಮುಂದೆ ಹೋಗಿ.

ಡೇಟಾ ಸೆಂಟರ್ ಲೋಕಕ್ಕೆ 2016ರ ಆರ್‌ಎಫ್‌ಸಿ 7938. ಓಎಸ್‌ಪಿಎಫ್ ಬಿಟ್ಟು ಬರೀ ಇಬಿಜಿಪಿಯಲ್ಲಿ (ಬೇರೆ ಬೇರೆ ಎಎಸ್‌ಗಳ ನಡುವಿನ ಬಿಜಿಪಿ) ದೊಡ್ಡ ಡೇಟಾ ಸೆಂಟರ್ ಹೇಗೆ ನಡೆಸುವುದು ಅಂತ ಇದೆ. ನಾನು ಓದಿದ ಆರ್‌ಎಫ್‌ಸಿಗಳಲ್ಲಿ ಇಷ್ಟು ಸರಾಗವಾಗಿ ಓದಿಸಿಕೊಂಡು ಹೋದದ್ದು ಕಡಿಮೆ. ಯಾಕೆ ಹೀಗೆ ಮಾಡಿದೆವು, ಏನು ಬಿಟ್ಟುಕೊಟ್ಟೆವು ಅಂತ ಹೇಳುತ್ತದೆ.

ಅದರಲ್ಲಿನ ಒಂದು ಸಣ್ಣ ಮಾತನ್ನು ಲ್ಯಾಬಿನಲ್ಲಿ ಹಿಡಿಯಿರಿ. ಎರಡು ಸ್ಪೈನ್, ನಾಲ್ಕು ಲೀಫ್. ಲೀಫ್ ಅಂದರೆ ಸರ್ವರ್‌ಗಳನ್ನು ಸಿಕ್ಕಿಸುವ ಪೆಟ್ಟಿಗೆ, ಸ್ಪೈನ್ ಅಂದರೆ ಲೀಫ್‌ಗಳನ್ನು ಒಂದಕ್ಕೊಂದು ಜೋಡಿಸುವ ಪೆಟ್ಟಿಗೆ. ಮೊದಲು ಎರಡು ಸ್ಪೈನ್‌ಗೂ ಬೇರೆ ಬೇರೆ ಎಎಸ್ ಕೊಡಿ. ಒಂದನೇ ಲೀಫಿನ ಪ್ರಿಫಿಕ್ಸ್ ತೆಗೆಯಿರಿ. ರೂಟ್ ತಟ್ಟನೆ ಸಾಯುವುದಿಲ್ಲ. ಸ್ಪೈನು ಬೇರೆ ಲೀಫ್ ಮೂಲಕ, ಇನ್ನೊಂದು ಸ್ಪೈನ್ ಸುತ್ತಿ ಬರುವ ಉದ್ದದ ದಾರಿಯನ್ನು ಹಿಡಿಯುತ್ತದೆ. ಅದೂ ಸುಳ್ಳು ಅಂತ ಗೊತ್ತಾಗುವವರೆಗೆ ಅಪ್‌ಡೇಟ್ ಮೇಲೆ ಅಪ್‌ಡೇಟ್. ಈಗ ಎರಡು ಸ್ಪೈನ್‌ಗೂ ಒಂದೇ ಎಎಸ್ ಕೊಡಿ. ಸುತ್ತಿ ಬಂದ ದಾರಿಯಲ್ಲಿ ತನ್ನದೇ ನಂಬರ್ ಕಂಡು ಸ್ಪೈನ್ ಅದನ್ನು ಬಿಸಾಡುತ್ತದೆ. ಗದ್ದಲ ಇಲ್ಲ.

ಇದು ಪುಕ್ಕಟೆ ಅಲ್ಲ. ಈಗ ಒಂದು ಸ್ಪೈನಿಗೂ ಒಂದು ಲೀಫಿಗೂ ನಡುವಿನ ತಂತಿ ಕಿತ್ತರೆ ಆ ಸ್ಪೈನಿಗೆ ಅಲ್ಲಿಗೆ ಹೋಗುವ ಬೇರೆ ದಾರಿಯೇ ಇಲ್ಲ. ಉಳಿದ ಲೀಫ್‌ಗಳೇ ತಿಳಿದು ಇನ್ನೊಂದು ಸ್ಪೈನಿಗೆ ಹೋಗಬೇಕು. ಹಾಗಿರುವಾಗ ಟೇಬಲ್ ಸಣ್ಣದಾಗಲಿ ಅಂತ ಸ್ಪೈನಿನಲ್ಲಿ ರೂಟ್‌ಗಳನ್ನು ಒಟ್ಟು ಮಾಡಿ ಒಂದೇ ದೊಡ್ಡ ಪ್ರಿಫಿಕ್ಸ್ ಹೇಳಿದರೆ? ಲೀಫ್‌ಗಳಿಗೆ ತಂತಿ ಕಿತ್ತದ್ದು ಗೊತ್ತೇ ಆಗುವುದಿಲ್ಲ, ಪ್ಯಾಕೆಟ್ ಬಾವಿಗೆ ಬೀಳುತ್ತದೆ. ಇದನ್ನೂ ಮಾಡಿ ನೋಡಿ.

ಇದರ ಮುಂದೆ ಗೂಗಲ್‌ನ ಬಿ4 (ಡೇಟಾ ಸೆಂಟರ್‌ಗಳ ನಡುವಿನ ಜಾಲ) ಬಗ್ಗೆ 2013ರ ಪೇಪರ್, ಅವರದೇ ಜುಪಿಟರ್ (ಡೇಟಾ ಸೆಂಟರಿನ ಒಳಗಿನ ಜಾಲ) ಬಗ್ಗೆ 2015ರದ್ದು, ಫೇಸ್‌ಬುಕ್‌ನವರು ಡೇಟಾ ಸೆಂಟರಿನ ಬಿಜಿಪಿ ಬಗ್ಗೆ 2021ರಲ್ಲಿ ಬರೆದದ್ದು. ಮೂರರಲ್ಲಿ ಒಂದೇ ಓದುವುದಾದರೆ ಕೊನೆಯದು, ಅದರಲ್ಲಿ ಅವರ ಕಡೆ ಏನೇನು ಕೆಟ್ಟಿತು ಅನ್ನುವುದೂ ಇದೆ. ಅದೇ ವರ್ಷ ಅಕ್ಟೋಬರ್ 4ರಂದು ಅವರ ಇಡೀ ಜಾಲ ಸುಮಾರು ಆರು ಗಂಟೆ ಮಲಗಿತು. ಅದರ ಬಗ್ಗೆ ಅವರೇ ಬರೆದ ವಿವರಣೆಯನ್ನು ಪೇಪರಿನ ಪಕ್ಕದಲ್ಲಿಟ್ಟು ಓದಿ.

8. ಕೆಲಸ ಮಾಡುವವರ ಮಾತು ಕೇಳಿ

ನಾನೋಗ್, ಸಾನೋಗ್, ಇನ್ನೋಗ್, ಅಪ್ರಿಕಾಟ್. ಇವೆಲ್ಲ ನೆಟ್‌ವರ್ಕ್ ನಡೆಸುವವರ ಕೂಟಗಳು. ಸಾನೋಗ್ ದಕ್ಷಿಣ ಏಷ್ಯಾದ್ದು, ಇನ್ನೋಗ್ ಭಾರತದ್ದು. ಇವುಗಳ ಸ್ಲೈಡು, ವಿಡಿಯೋ ಬೇಕಾದಷ್ಟು ಸಿಗುತ್ತವೆ. ವಾರಕ್ಕೊಂದು ನೋಡಿದರೆ ಸಾಕು. ಆಪ್‌ನಿಕ್ ಅಕಾಡೆಮಿಯಲ್ಲಿ ಬ್ರೌಸರಿನಲ್ಲೇ ಓಡುವ ಲ್ಯಾಬ್‌ಗಳಿವೆ, ಲ್ಯಾಪ್‌ಟಾಪ್ ಸಣ್ಣದಿರುವವರಿಗೆ ಅನುಕೂಲ. ಎನ್‌ಎಸ್‌ಆರ್‌ಸಿಯ ಬಿಜಿಪಿ ಪಾಠಗಳೂ ಪುಕ್ಕಟೆ.

ಇಷ್ಟಾದ ಮೇಲೆ ಡಿಎನ್42 ಸೇರಿ. ಹವ್ಯಾಸಿಗಳು ವಿಪಿಎನ್ ಸುರಂಗಗಳ ಮೇಲೆ ಕಟ್ಟಿಕೊಂಡ ಪುಟ್ಟ ಇಂಟರ್ನೆಟ್ ಅದು. ಅಲ್ಲಿ ನಿಮ್ಮ ಹೆಸರಿಗೆ ಒಂದು ಎಎಸ್ ನಂಬರ್ ಸಿಗುತ್ತದೆ, 424242ರಿಂದ ಶುರುವಾಗುವಂಥದ್ದು. ರಿಜಿಸ್ಟ್ರಿಗೆ ನೀವೇ ನಮೂದು ಹಾಕಬೇಕು, ಪೀರ್‌ಗಳನ್ನು ನೀವೇ ಕೇಳಿಕೊಂಡು ಹುಡುಕಬೇಕು, ತಪ್ಪು ಅನೌನ್ಸ್ ಮಾಡಿದರೆ ಆಚೆ ಬದಿಯಲ್ಲಿ ನಿಜವಾದ ಮನುಷ್ಯನೊಬ್ಬ ಬೈಯುತ್ತಾನೆ. ಸೆಷನ್ ಎಬ್ಬಿಸುವ ಮೊದಲು ಒಳಗಿನ ಫಿಲ್ಟರ್, ಹೊರಗಿನ ಫಿಲ್ಟರ್, ಗರಿಷ್ಠ ಪ್ರಿಫಿಕ್ಸ್ ಮಿತಿ ಮೂರನ್ನೂ ಹಾಕಿ. ಮೊದಲ ಪೀರ್ ಎದ್ದ ಕೂಡಲೇ ಎರಡನೆಯದಕ್ಕೆ ಓಡಬೇಡಿ. ಎರಡನೆಯದು ಬಂದ ಕ್ಷಣದಿಂದ ನೀವು ಇಬ್ಬರ ನಡುವೆ ಇರುವವರು, ಐದನೇ ಹೆಜ್ಜೆಯ ಸೋರಿಕೆ ಮಾಡಲು ಬೇಕಾದ್ದೆಲ್ಲ ನಿಮ್ಮ ಕೈಯಲ್ಲಿರುತ್ತದೆ. ಹೊರಗಿನ ಫಿಲ್ಟರನ್ನು ಇನ್ನೊಮ್ಮೆ ಓದಿ, ಆಮೇಲೆ ಎಬ್ಬಿಸಿ.